ಆ ದಿನ ಅಲ್ಲಿ ನಿಂತಿದ್ದವರು

2023 ಮಾರ್ಚ್ 13, ಸೋಮವಾರ. ತೆಪ್ಪಕಾಡು

ಬೆಳಗಿನ ಆರಕ್ಕೆ ಬಂಡೀಪುರದ ಗೇಟು ತೆರೆಯಿತು. ಇರುಳೆಲ್ಲ ಕಾದು ನಿಂತಿದ್ದ ಲಾರಿಗಳ ಬೆನ್ನಿಗೆ ನಿಮ್ಮ ಬಸ್ಸೂ ಹೊರಟಿದೆ. ಕೆಕ್ಕನಹಳ್ಳ ದಾಟುತ್ತಲೇ ಬೋರ್ಡುಗಳ ಮೇಲಿನ ಕನ್ನಡ ಹೋಗಿ ತಮಿಳು ಬರುತ್ತದೆ. ಕಾಡು ಮಾತ್ರ ಅದೇ. ಮಾರ್ಚ್ ತಿಂಗಳ ಬಿಸಿಲಿಗೆ ಮರಗಳು ಎಲೆ ಉದುರಿಸಿ ಬೂದಿಬಣ್ಣಕ್ಕೆ ತಿರುಗಿವೆ. ಅಲ್ಲೊಂದು ಇಲ್ಲೊಂದು ಮುತ್ತುಗ ಮಾತ್ರ ಮೈತುಂಬ ಹೂ ಹೊತ್ತು ಉರಿಯುತ್ತಿದೆ.

ತೆಪ್ಪಕಾಡಿನಲ್ಲಿ ಇಳಿಯಿರಿ. ಇಲ್ಲಿ ದಾರಿ ಎರಡಾಗುತ್ತದೆ. ಒಂದು ಗೂಡಲೂರಿಗೆ, ಇನ್ನೊಂದು ಮೋಯಾರ್ ಹೊಳೆ ದಾಟಿ ಮಸಿನಗುಡಿಗೆ. ಹೊಳೆಯ ದಂಡೆಯಲ್ಲೇ ಆನೆ ಶಿಬಿರ. ರಾಗಿ, ಹುರುಳಿ, ಅಕ್ಕಿ ಬೇಯುವ ವಾಸನೆ ದೂರದಿಂದಲೇ ಮೂಗಿಗೆ ಬರುತ್ತದೆ. ಮಾವುತರೂ ಕಾವಾಡಿಗಳೂ ಬೆಂದದ್ದನ್ನು ಹದವಾಗಿ ನಾದಿ, ಬೆಲ್ಲ, ಉಪ್ಪು, ತೆಂಗಿನಕಾಯಿ ಸೇರಿಸಿ, ಎರಡು ಕೈಗೂ ಮೀರುವಷ್ಟು ದೊಡ್ಡ ಮುದ್ದೆ ಕಟ್ಟುತ್ತಾರೆ. ಯಾವ ಆನೆಗೆ ಎಷ್ಟು, ಯಾವುದಕ್ಕೆ ಏನು ಬೆರೆಸಬೇಕು ಎನ್ನುವುದೆಲ್ಲ ಅವರಿಗೆ ಬಾಯಿಪಾಠ. ಮುದ್ದೆಯನ್ನು ನೆಲಕ್ಕಿಡುವುದಿಲ್ಲ, ಆನೆ ಬಾಯಿ ತೆರೆಯುತ್ತದೆ, ಮಾವುತ ಕೈಯಾರೆ ಒಳಗಿಡುತ್ತಾನೆ. ಅಮ್ಮ ತುತ್ತು ಕೊಡುವುದೂ ಹೀಗೇ.

ಭೂಮಿಯ ಇನ್ನೊಂದು ಬದಿಯಲ್ಲಿ, ಲಾಸ್ ಏಂಜಲೀಸ್‌ನಲ್ಲಿ, ಇನ್ನೂ ಭಾನುವಾರದ ಸಂಜೆ. ಅಲ್ಲಿ 95ನೇ ಆಸ್ಕರ್ ಸಮಾರಂಭ ನಡೆಯುತ್ತಿದೆ. ವೇದಿಕೆಯ ಮೇಲೆ ಲಕೋಟೆ ತೆರೆದು ಓದಿದ ಹೆಸರು ‘ದಿ ಎಲಿಫೆಂಟ್ ವಿಸ್ಪರರ್ಸ್’. ಊಟಿಯಲ್ಲೇ ಬೆಳೆದ ಕಾರ್ತಿಕಿ ಗೊನ್ಸಾಲ್ವಿಸ್ ನಿರ್ದೇಶಿಸಿ, ಗುನೀತ್ ಮೋಂಗಾ ನಿರ್ಮಿಸಿದ, ಸುಮಾರು 40 ನಿಮಿಷದ ಚಿತ್ರ. ಕಿರು ಸಾಕ್ಷ್ಯಚಿತ್ರ ವಿಭಾಗದಲ್ಲಿ ಭಾರತದ ನಿರ್ಮಾಣವೊಂದಕ್ಕೆ ಸಿಕ್ಕ ಮೊದಲ ಆಸ್ಕರ್. ಈ ಶಿಬಿರದ ಬೊಮ್ಮನ್ ಮತ್ತು ಬೆಳ್ಳಿ ದಂಪತಿ, ಅವರು ಸಾಕಿದ ತಬ್ಬಲಿ ಮರಿಗಳಾದ ರಘು ಮತ್ತು ಅಮ್ಮು, ಅದರ ಕಥೆ ಇಷ್ಟೇ. ರಘುವಿನ ತಾಯಿ ವಿದ್ಯುತ್ ತಗುಲಿ ಸತ್ತಿತ್ತು. ಸೊರಗಿ ಬಂದ ಮರಿಗೆ ಹಾಲುಣಿಸಿ, ಮೈ ತೊಳೆದು, ಇರುಳು ಪಕ್ಕದಲ್ಲೇ ಮಲಗಿ ಉಳಿಸಿಕೊಂಡವರು ಇವರು.

ಗಂಡ ಹೆಂಡಿರಿಬ್ಬರೂ ಕಾಟ್ಟುನಾಯಕರು. ನಮ್ಮ ನಾಗರಹೊಳೆ, ಬಂಡೀಪುರದ ಜೇನುಕುರುಬರಿಗೆ ಹತ್ತಿರದ ಜನ. ಶಿಬಿರದ ಮಾತಿಗೆ ಕಿವಿಗೊಟ್ಟರೆ ತಮಿಳಿನ ಅಡಿಯಲ್ಲಿ ಕನ್ನಡದ ಬೇರು ಕಾಲಿಗೆ ತಾಕುತ್ತದೆ.

ಸುದ್ದಿ ಬಂದಾಗ ಬೊಮ್ಮನ್ ಎಲ್ಲಿ? ಶಿಬಿರದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಅವರು ಧರ್ಮಪುರಿಗೆ ಹೋಗಿದ್ದಾರೆ. ಅಲ್ಲಿ ಇನ್ನೊಂದು ಮರಿಯಾನೆ ಹಿಂಡಿನಿಂದ ಬೇರೆಯಾಗಿದೆ. ಅದನ್ನು ಸಂಭಾಳಿಸಲು ಅರಣ್ಯ ಇಲಾಖೆ ಇವರನ್ನೇ ಕರೆಸಿಕೊಂಡಿದೆ. ಲೋಕವೆಲ್ಲ ಅವರ ಹೆಸರು ಹೇಳುವ ಬೆಳಗಿನಲ್ಲಿ ಬೊಮ್ಮನ್ ತಮ್ಮ ಕೆಲಸದ ಮೇಲಿದ್ದರು. ನನಗೆ ಮಾರ್ಚ್ 13 ಎಂದರೆ ಮೊದಲು ನೆನಪಾಗುವುದು ಹೊಳೆಯುವ ಆ ಪುತ್ಥಳಿಯಲ್ಲ, ಶಿಬಿರದಲ್ಲಿ ಅವರಿಲ್ಲದ ಆ ಜಾಗ.

ಎರಡು ದಿನ ಕಳೆದು ತಮಿಳುನಾಡು ಸರ್ಕಾರ ಆ ದಂಪತಿಗೆ ಮಾತ್ರವಲ್ಲದೆ, ತೆಪ್ಪಕಾಡು ಮತ್ತು ಕೋಳಿಕಮುತ್ತಿ ಶಿಬಿರಗಳ 91 ಮಾವುತ, ಕಾವಾಡಿಗಳಿಗೂ ತಲಾ 1 ಲಕ್ಷ ರೂಪಾಯಿ ಘೋಷಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಬೆಳ್ಳಿಯವರು ಕಾವಾಡಿಯಾಗಿ ನೇಮಕಗೊಂಡರು. ಮಗುವಿನಂತೆ ಆನೆಮರಿ ಸಾಕಿದ ಹೆಂಗಸಿಗೆ ಆ ಕೆಲಸದ ಹೆಸರೂ ಸಿಕ್ಕಿತು.

1908 ಅಕ್ಟೋಬರ್ 15, ಗುರುವಾರ. ಉದಕಮಂಡಲ

ಮಸಿನಗುಡಿ ದಾಟಿ ಕಲ್ಲಟ್ಟಿ ಘಾಟಿ ಹತ್ತಿ. ಮೂವತ್ತಾರು ತಿರುವು. ಒಂದೊಂದು ತಿರುವಿಗೂ ಸೆಕೆ ಒಂದೊಂದು ಪದರ ಕಳಚುತ್ತದೆ. ಕೊನೆಯ ತಿರುವು ಮುಗಿಯುವ ಹೊತ್ತಿಗೆ ಕಿವಿ ತಣ್ಣಗಾಗಿ ಸ್ವೆಟರ್ ಕೇಳುತ್ತದೆ. ಊಟಿ ರೈಲ್ವೆ ನಿಲ್ದಾಣದ ಪ್ಲಾಟ್‌ಫಾರ್ಮಿಗೆ ಬಂದು, ಬೆನ್ನ ಹಿಂದಿನ ನೂರು ವರ್ಷಗಳನ್ನು ಮರೆತು ನಿಂತುಕೊಳ್ಳಿ.

ಹಳಿ ಹೊಸದು. ಸಮುದ್ರಮಟ್ಟದಿಂದ 2,200 ಮೀಟರಿಗೂ ಮೇಲಿನ ಈ ಜಾಗಕ್ಕೆ ಇವತ್ತಿನವರೆಗೆ ರೈಲಿನ ದಾರಿ ತೆರೆದಿರಲಿಲ್ಲ. ಕೆಳಗಿನ ಮೇಟ್ಟುಪಾಳ್ಯದಿಂದ ಕೂನೂರಿಗೆ ಹಳಿ ತೆರೆದು ಒಂಬತ್ತು ವರ್ಷವಾಗಿದೆ. ಅದು 1899ರ ಜೂನ್ 15, ಅದೂ ಗುರುವಾರವೇ. ಬೆಟ್ಟಕ್ಕೆ ರೈಲು ತರುವ ಮಾತು ಮೊದಲು ಹುಟ್ಟಿದ್ದು 1854ರಲ್ಲಿ. ಕೂನೂರು ಮುಟ್ಟಲು 45 ವರ್ಷ, ಊಟಿ ಮುಟ್ಟಲು 54 ವರ್ಷ.

ಯಾಕಿಷ್ಟು ತಡವಾಯಿತು ಎನ್ನುವುದು ಕಲ್ಲಾರಿನಲ್ಲಿ ನಿಂತು ತಲೆಯೆತ್ತಿದರೆ ತಿಳಿಯುತ್ತದೆ. ಅಲ್ಲಿಂದ ಮುಂದೆ ಬೆಟ್ಟ ಹೆಚ್ಚುಕಡಿಮೆ ಗೋಡೆ. ಹನ್ನೆರಡು ಅಡಿ ಸಾಗಿದರೆ ಒಂದು ಅಡಿ ಮೇಲೇರುವಷ್ಟು ಕಡಿದು. ನುಣ್ಣನೆಯ ಹಳಿಯ ಮೇಲೆ ನುಣ್ಣನೆಯ ಚಕ್ರ ಜಾರುತ್ತದೆ. ಅದಕ್ಕೇ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಸಿದ್ದಾರೆ. ಎಂಜಿನ್ನಿನ ಹೊಟ್ಟೆಯಡಿಯ ಹಲ್ಲುಚಕ್ರ ಅದನ್ನು ಕಚ್ಚುತ್ತ, ಕಚ್ಚುತ್ತ ಏರುತ್ತದೆ. ಎಂಜಿನ್ ಮುಂದೆ ನಿಂತು ಎಳೆಯುವುದಿಲ್ಲ. ಹಿಂದೆ ನಿಂತು ನೂಕುತ್ತದೆ. ಬೋಗಿ ಕಳಚಿ ಜಾರಿದರೂ ಹಿಂದೆ ಎಂಜಿನ್ ಇರಲಿ ಎಂಬ ಎಚ್ಚರ ಅದರಲ್ಲಿದೆ.

ಮೇಟ್ಟುಪಾಳ್ಯದಿಂದ ಇಲ್ಲಿಯವರೆಗೆ ಸುಮಾರು 46 ಕಿಲೋಮೀಟರು, 208 ತಿರುವು, 250 ಸೇತುವೆ, 16 ಸುರಂಗ. ಏರಲು ಐದು ಗಂಟೆಗೆ ಹತ್ತಿರ, ಇಳಿಯಲು ಮೂರೂವರೆ ಗಂಟೆ. 2005ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಅಂಕಿಗಳನ್ನೆಲ್ಲ ಒಮ್ಮೆ ಕೈಗಳಾಗಿ ಎಣಿಸಿ ನೋಡಿ. ಹದಿನಾರು ಸುರಂಗಕ್ಕೆ ಎಷ್ಟು ಉಳಿ, ಎಷ್ಟು ಸುತ್ತಿಗೆ, ಎಷ್ಟು ಬುಟ್ಟಿ ಮಣ್ಣು. ಮಂಜಿನಲ್ಲಿ ಎಷ್ಟು ಜನರ ಉಸಿರು.

ಈ ರೈಲಿನಲ್ಲಿ ಹೋಗುವಾಗ ಕಿಟಕಿಯಾಚೆಯ ಕಣಿವೆಯನ್ನು ಎಲ್ಲರೂ ನೋಡುತ್ತಾರೆ. ನೀವು ಬೋಗಿಯ ಮುಂತುದಿಯನ್ನು ನೋಡಿ. ಅಲ್ಲಿ ಕಂಬಿ ಹಿಡಿದು ಒಬ್ಬ ಬ್ರೇಕ್‌ಮನ್ ನಿಂತಿರುತ್ತಾನೆ. ಬೋಗಿಗೊಬ್ಬ. ಎಂಜಿನ್ ಹಿಂದಿರುವುದರಿಂದ ಚಾಲಕನಿಗೆ ಮುಂದಿನ ಹಳಿ ಕಾಣದು. ಮುಂದೆ ನಿಂತವನು ಹಸಿರು ಬಾವುಟ ತೋರಿಸುತ್ತಾನೆ. ಅವನ ಹಿಂದಿನವನು ಅದನ್ನೇ ತೋರಿಸುತ್ತಾನೆ. ಹೀಗೆ ಬಾವುಟದಿಂದ ಬಾವುಟಕ್ಕೆ ದಾರಿ ಚಾಲಕನ ಕಣ್ಣಿಗೆ ಮುಟ್ಟುತ್ತದೆ. ಒಳಗಿನವರೆಲ್ಲ ಕೂತಿರುವಾಗ ಅವನೊಬ್ಬ ಮಳೆಗೂ ಚಳಿಗೂ ಮುಖ ಕೊಟ್ಟು ನಿಂತಿರುತ್ತಾನೆ.

1982 ಫೆಬ್ರುವರಿ 19, ಶುಕ್ರವಾರ. ಕೇತಿ

ಊಟಿಯಿಂದ ಕೂನೂರಿನತ್ತ ಇಳಿಯುವಾಗ ಲವ್‌ಡೇಲ್ ದಾಟಿದರೆ ಕೇತಿ. ಪುಟ್ಟ ನಿಲ್ದಾಣ, ಎದುರಿಗೆ ಅಂಗೈಯಂತೆ ತೆರೆದ ಕಣಿವೆ. ಇವತ್ತು ತಮಿಳಿನ ‘ಮೂನ್ರಾಂ ಪಿರೈ’ ಚಿತ್ರಮಂದಿರಗಳಿಗೆ ಬರುತ್ತಿದೆ. ಮೂರನೆಯ ದಿನದ ಚಂದ್ರ ಎಂದರ್ಥ. ಹಾಡು ಬರೆದವರಲ್ಲಿ ಒಬ್ಬರಾದ ಕಣ್ಣದಾಸನ್ ಈ ದಿನವನ್ನು ನೋಡಲಿಲ್ಲ. ಹಿಂದಿನ ಅಕ್ಟೋಬರಿನಲ್ಲೇ ತೀರಿಕೊಂಡರು. ಅವರು ಸಿನಿಮಾಗೆ ಬರೆದ ಕೊನೆಯ ಹಾಡು ಈ ಚಿತ್ರದ ಜೋಗುಳವಾಗಿ ಉಳಿಯಿತು.

ಸಿನಿಮಾ ನೋಡಲು ಊಟಿ ಪೇಟೆಗೆ ಹೋಗುವುದು ಬೇಡ. ಅದರ ಕೊನೆಯ ದೃಶ್ಯ ನಡೆದದ್ದು ನೀವು ನಿಂತಿರುವ ಈ ಪ್ಲಾಟ್‌ಫಾರ್ಮಿನಲ್ಲೇ. ನಿರ್ದೇಶಕ ಬಾಲು ಮಹೇಂದ್ರ, ಕ್ಯಾಮೆರಾ ಕೂಡ ಅವರದೇ. ಚಿತ್ರೀಕರಣದ ದಿನ ಮಳೆ ಹಿಡಿದುಕೊಂಡಿತು. ಬರೆದಿಟ್ಟ ದೃಶ್ಯದಲ್ಲಿ ಮಳೆ ಇರಲಿಲ್ಲ. ಅವರು ನಿಲ್ಲಿಸಲಿಲ್ಲ, ಮಳೆಯಲ್ಲೇ ತೆಗೆದರು. ನೀಲಗಿರಿಯ ಮಳೆ ಹೇಳದೆ ಕೇಳದೆ ಒಂದು ಪಾತ್ರವಾಯಿತು.

ಅಪಘಾತದಲ್ಲಿ ನೆನಪು ಕಳೆದುಕೊಂಡು ಮಗುವಿನ ಮನಸ್ಸಿಗೆ ಜಾರಿದ ಹುಡುಗಿ, ಶ್ರೀದೇವಿ. ಅವಳನ್ನು ಇಲ್ಲಿಗೆ ಕರೆತಂದು, ಉಣಿಸಿ ನಗಿಸಿ ಕಾಪಾಡಿದ ಶಾಲಾ ಮೇಷ್ಟ್ರು, ಕಮಲ್ ಹಾಸನ್. ಮದ್ದು ಫಲಿಸುತ್ತದೆ, ಹಳೆಯ ನೆನಪು ಮರಳುತ್ತದೆ. ಆದರೆ ಮೇಷ್ಟ್ರ ಜೊತೆಗಿದ್ದ ದಿನಗಳು ಅಳಿಸಿಹೋಗುತ್ತವೆ. ಅಪ್ಪ ಅಮ್ಮನ ಜೊತೆ ಅವಳು ರೈಲಿನಲ್ಲಿ ಕೂತಿದ್ದಾಳೆ. ಅವನು ಗಾಯಗೊಂಡು, ಕೆಸರಾಗಿ, ಕಿಟಕಿಯಿಂದ ಕಿಟಕಿಗೆ ಓಡುತ್ತಾನೆ. ಅವಳನ್ನು ನಗಿಸುತ್ತಿದ್ದ ಕೋತಿಯಾಟ ಆಡಿ ತೋರಿಸುತ್ತಾನೆ. ಯಾರೋ ಭಿಕ್ಷೆ ಬೇಡುವವನೆಂದು ಅವಳು ತಿಂಡಿ ಎಸೆಯುತ್ತಾಳೆ. ರೈಲು ಹೊರಡುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ಅವನು, ಮಳೆ, ಅಷ್ಟೇ.

ಈ ಚಿತ್ರ ಕಮಲ್ ಹಾಸನ್ ಅವರಿಗೆ ಶ್ರೇಷ್ಠ ನಟ, ಬಾಲು ಮಹೇಂದ್ರ ಅವರಿಗೆ ಶ್ರೇಷ್ಠ ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿ ತಂದಿತು. ಮರುವರ್ಷ ಹಿಂದಿಯಲ್ಲಿ ‘ಸದ್ಮಾ’ ಆಯಿತು. ಎಷ್ಟೋ ಕಡೆ, ಎಷ್ಟೋ ಜನ ಚಿತ್ರ ಮುಗಿದರೂ ಕುರ್ಚಿಯಿಂದ ಏಳಲಾರದೆ ಕೂತದ್ದು ಆ ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗಾಗಿ. ಪ್ರೀತಿಸಿದವನು ಉಳಿದ, ಪ್ರೀತಿಯ ನೆನಪು ರೈಲು ಹತ್ತಲಿಲ್ಲ. ಯಾರ ಬಾಳಿನಲ್ಲಾದರೂ ನಡೆಯಬಹುದಾದ್ದು ಅದು.

ಕಣಿವೆಯ ಕಡೆ ತಿರುಗಿ. ತೋಟಗಳ ನಡುವೆ ಸಾಲುಮನೆಗಳ ಬಡಗರ ಹಟ್ಟಿಗಳು. ಹಟ್ಟಿ, ಹಬ್ಬ, ಹೆತ್ತೆ, ಎಲ್ಲ ನಮ್ಮ ಕಿವಿಗೆ ಪರಿಚಯದ ಮಾತು. ಬಡಗು ದಿಕ್ಕಿನಿಂದ, ಅಂದರೆ ನಮ್ಮ ಸೀಮೆಯಿಂದ, ಬಂದವರೆಂದೇ ಅವರಿಗೆ ಆ ಹೆಸರು. ಅವರ ದೊಡ್ಡ ಹಬ್ಬ ಹೆತ್ತೆ ಹಬ್ಬ. ಅದಕ್ಕೆ ಕ್ಯಾಲೆಂಡರಿನಲ್ಲಿ ಕಾಯಂ ತಾರೀಕಿಲ್ಲ. ಡಿಸೆಂಬರ್, ಜನವರಿಯ ಹೊತ್ತಿಗೆ ಹುಣ್ಣಿಮೆ ಕಳೆದ ಸೋಮವಾರ ನೋಡಿ ಶುರುವಾಗುತ್ತದೆ. ಬಿಳಿಯುಟ್ಟ ಜನ ಹಟ್ಟಿ ಹಟ್ಟಿಯಿಂದ ನಡೆದು ಬರುತ್ತಾರೆ. ಯಾರೂ ಬರೆದಿಡದ ದಿನವನ್ನು ಯಾರೂ ಮರೆಯುವುದಿಲ್ಲ, ಯಾಕೆಂದರೆ ಅದು ಕಾಲಿನಲ್ಲಿದೆ.

2021 ಡಿಸೆಂಬರ್ 8, ಬುಧವಾರ. ನಂಜಪ್ಪಚತ್ರ

ಇನ್ನೂ ಇಳಿಯಿರಿ. ಕೂನೂರಿನ ಹತ್ತಿರ, ಕಾಟೇರಿಯ ಬಳಿ, ಅದೇ ಹಲ್ಲುಹಳಿ ಕಾಡಿನ ನಡುವೆ ಹೋಗುತ್ತದೆ. ಮಧ್ಯಾಹ್ನ ಹನ್ನೆರಡು ದಾಟಿದೆ. ಹಳಿಯ ಮೇಲೆ ಕೆಲವು ಪ್ರವಾಸಿಗರು ನಡೆಯುತ್ತಿದ್ದಾರೆ. ಮೋಡ ಮರದ ತುದಿಗೆ ಇಳಿದಿದೆ. ಹೆಲಿಕಾಪ್ಟರಿನ ಸದ್ದು. ಮೊಬೈಲು ಎತ್ತುತ್ತಾರೆ. ಒಂದು ಕ್ಷಣ ಕಂಡದ್ದು ಬಿಳಿಯೊಳಗೆ ಹೊಕ್ಕು ಕಾಣದಾಗುತ್ತದೆ. ಆಮೇಲೆ ಸದ್ದೂ ಇಲ್ಲ.

ಸೂಲೂರು ವಾಯುನೆಲೆಯಿಂದ 11.48ಕ್ಕೆ ಹೊರಟ ಎಂಐ-17 ವಿ5 ಅದು. 12.15ಕ್ಕೆ ವೆಲಿಂಗ್ಟನ್‌ನಲ್ಲಿ ಇಳಿಯಬೇಕಿತ್ತು. ಸುಮಾರು 12.08ಕ್ಕೆ ಸಂಪರ್ಕ ಕಡಿಯಿತು. ಒಳಗಿದ್ದವರು ಹದಿನಾಲ್ಕು ಮಂದಿ: ದೇಶದ ಮೊದಲ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್, ಅವರ ಪತ್ನಿ ಮಧುಲಿಕಾ, ಜೊತೆಗೆ ಹನ್ನೆರಡು ಯೋಧರು. ಹಠಾತ್ತನೆ ಬದಲಾದ ಹವೆಯಲ್ಲಿ ಮೋಡದೊಳಗೆ ಸಿಕ್ಕು ಪೈಲಟ್‌ಗೆ ದಿಕ್ಕಿನ ಅಂದಾಜು ತಪ್ಪಿತೆಂದು ವಾಯುಪಡೆಯ ವಿಚಾರಣೆ ಮುಂದೆ ಹೇಳಿತು.

ಬಿದ್ದದ್ದು ನಂಜಪ್ಪಚತ್ರದ ಮನೆಗಳ ಪಕ್ಕದಲ್ಲೇ. ದುಡಿದು ಬದುಕುವವರ ಚಿಕ್ಕ ಊರು. ಬೆಂಕಿ ಮರಕ್ಕಿಂತ ಮೇಲೇಳುತ್ತಿದೆ, ಹತ್ತಿರ ಹೋದರೆ ಮುಖ ಸುಡುತ್ತದೆ. ಈ ಕಡಿದಾದ ಇಳಿಜಾರಿಗೆ ದೊಡ್ಡ ವಾಹನ ಬರುವಂತಿಲ್ಲ. ಊರವರು ಕಾಯಲಿಲ್ಲ. ಕೊಡ, ಬಕೆಟ್ಟು, ಕೈಗೆ ಸಿಕ್ಕಿದ್ದರಲ್ಲಿ ನೀರು ಹೊತ್ತು ಓಡಿದರು. ಮನೆಯೊಳಗಿನ ಕಂಬಳಿ, ಹೊದಿಕೆ ತಂದರು. ಅದರಲ್ಲೇ ಗಾಯಾಳುಗಳನ್ನು ಎತ್ತಿ ದಾರಿಗೆ ಮುಟ್ಟಿಸಿದರು. ನೀಲಗಿರಿಯ ಡಿಸೆಂಬರಿನಲ್ಲಿ ಬಡವರ ಮನೆಯ ಕಂಬಳಿ ಎಂದರೆ ಏನೆಂದು ಇಲ್ಲಿ ಒಂದು ರಾತ್ರಿ ಕಳೆದವರಿಗೆ ಗೊತ್ತು. ಅದನ್ನು ಕೊಡುವ ಮೊದಲು ಯಾರೂ ಎಣಿಸಲಿಲ್ಲ.

ಆ ದಿನ ಹದಿಮೂರು ಮಂದಿ ತೀರಿಕೊಂಡರು. ಬದುಕುಳಿದಿದ್ದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಅವರನ್ನು ಬೆಂಗಳೂರಿಗೆ ಕರೆತಂದರು. ಒಂದು ವಾರ ಹೋರಾಡಿ ಡಿಸೆಂಬರ್ 15ರಂದು ಅವರೂ ಹೋದರು. ಸೇನೆ ನಂಜಪ್ಪಚತ್ರಕ್ಕೆ ಬಂದು ಕೈಮುಗಿಯಿತು, ಹೊಸ ಕಂಬಳಿ ಹಂಚಿತು, ಒಂದು ವರ್ಷಕ್ಕೆ ಊರನ್ನು ದತ್ತು ಪಡೆಯಿತು. ಊರಿನ ಹೆಸರನ್ನು ಇನ್ನೊಮ್ಮೆ ಹೇಳಿಕೊಳ್ಳಿ. ಅದರಲ್ಲೊಬ್ಬ ನಂಜಪ್ಪನಿದ್ದಾನೆ, ಒಂದು ಛತ್ರವಿದೆ. ದಾರಿಹೋಕರಿಗೆ ನೀರು, ನೆರಳು, ಹೊದಿಕೆ ಕೊಡುವ ಜಾಗಕ್ಕೆ ನಾವು ಛತ್ರ ಎನ್ನುತ್ತೇವೆ.

ಮರುದಿನ, ಗುರುವಾರ

ಡಿಸೆಂಬರ್ 9. ವೆಲಿಂಗ್ಟನ್‌ನಲ್ಲಿ ಸೇನಾ ಗೌರವ ಮುಗಿದು ಆಂಬುಲೆನ್ಸ್‌ಗಳ ಸಾಲು ಸೂಲೂರಿಗೆ ಘಾಟಿ ಇಳಿಯುತ್ತಿದೆ. ರಸ್ತೆಯ ಎರಡೂ ಬದಿ ಜನ ನಿಂತಿದ್ದಾರೆ. ಬೆಟ್ಟದ ಮೇಲೂ, ಕೆಳಗೆ ಮೇಟ್ಟುಪಾಳ್ಯದಲ್ಲೂ. ಗಾಡಿಗಳ ಮೇಲೆ ಹೂ ಎರಚುತ್ತಾರೆ. ನೀವೂ ಅಂಚಿಗೆ ಸರಿದು ನಿಲ್ಲಿ.

ನಾಳೆಯಿಂದ ಡಿಸೆಂಬರ್ 8ರ ಮುಂದೆ ದೊಡ್ಡ ಹೆಸರುಗಳನ್ನು ಬರೆಯುತ್ತಾರೆ, ಬರೆಯಲೇಬೇಕು. ಪಕ್ಕದಲ್ಲಿ ನಿಂತಿರುವ ಹೆಂಗಸಿನ ಹೆಸರು ಅಲ್ಲಿರುವುದಿಲ್ಲ. ಕೊನೆಯ ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಅಲ್ಲಾಡುವುದಿಲ್ಲ. ಆಮೇಲೆ ಸೆರಗಿಗಂಟಿದ ಹೂವಿನ ಎಸಳು ಕೊಡವಿ, ಬುಟ್ಟಿ ಬೆನ್ನಿಗೇರಿಸಿ, ತೋಟದ ದಾರಿ ಹತ್ತುತ್ತಾಳೆ.