ಬೋರು ಎಲ್ಲಿ ಹಾಕೋದು?

"ನಾಳೆ ಬೆಳಿಗ್ಗೆ ಅರಳಿಕಟ್ಟೆ ಹತ್ರ ಸಭೆ, ಮನೆಗೊಬ್ರು ಬರಬೇಕ್ರಪ್ಪೋ" ಎಂದು ಹಿಂದಿನ ಸಂಜೆ ತಮಟೆ ಹೊಡೆದು ಸಾರಿದ್ದರು. 1987ರ ಜನವರಿಯಲ್ಲಿ ಮಂಡಲ ಪಂಚಾಯ್ತಿ ಚುನಾವಣೆ ಮುಗಿದಿತ್ತು, ಇದು ಅದೇ ಬೇಸಿಗೆಯ ಮಾತು. ತೆರಕಣಾಂಬಿ ಪಕ್ಕದ ಊರು ನಮ್ಮದು. ಆಗ ಚಾಮರಾಜನಗರವಾಗಲಿ ಗುಂಡ್ಲುಪೇಟೆಯಾಗಲಿ ಬರೀ ತಾಲ್ಲೂಕು. ಜಿಲ್ಲೆಯ ಕೆಲಸ ಏನೇ ಇದ್ದರೂ ಮೈಸೂರಿನ ಬಸ್ಸು ಹತ್ತಬೇಕಿತ್ತು. ಹಾಗಿರುವಾಗ ಊರಿನವರನ್ನು ಊರಲ್ಲೇ ಕೂರಿಸಿ ಕೇಳುತ್ತಾರಂತೆ ಎನ್ನುವುದೇ ನಮಗೆ ತಮಾಷೆಯಾಗಿ ಕಂಡಿತ್ತು.

ಈ ಏರ್ಪಾಟಿನ ಹಿಂದಿದ್ದ ಮಂತ್ರಿ ಅಬ್ದುಲ್ ನಜೀರ್ ಸಾಬ್ ನಮ್ಮ ಗುಂಡ್ಲುಪೇಟೆಯವರೇ. ಹಳ್ಳಿಹಳ್ಳಿಗೆ ಬೋರು ಹಾಕಿಸಿ 'ನೀರ್ ಸಾಬ್' ಎನಿಸಿಕೊಂಡಿದ್ದರು. ಮಾರನೆಯ ವರ್ಷವೇ ಅವರು ತೀರಿಕೊಂಡರು.

ನಾನಾಗ ಬಿ.ಎ. ಮುಗಿಸಿ ಜಗುಲಿ ಕಾಯುತ್ತಿದ್ದ ಪಂಡಿತ. ಅಕ್ಷರ ದುಂಡಗಿದೆಯೆಂದು ನಡವಳಿ ಪುಸ್ತಕ ನನ್ನ ಕೈಗೇ ಕೊಟ್ಟರು. ಬರೆಯುವ ಮೊದಲು ಎದ್ದು ನಿಂತು ಗಾಂಧಿ, ಗ್ರಾಮಸ್ವರಾಜ್ಯ ಎಂದು ಕಾಲು ಗಂಟೆ ಕೊರೆದೆ. ಮುಂದೆ ಕೂತಿದ್ದ ಯಜಮಾನರು ಎಲೆಯಡಿಕೆ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ, ಜಗಿದು ಉಗಿದು ಬಂದರೂ ನನ್ನ ಮಾತು ಮುಗಿದಿರಲಿಲ್ಲ. ಕೊನೆಗೆ, ಮಂಜೂರಾದ ಬೋರು ಗುಡಿ ಮುಂದೆ ಆಗಲಿ, ನೆರಳಿದೆ ಎಂದೆ. ಗುಡಿಯ ಎದುರಿಗೇ ನಮ್ಮ ಮನೆ ಎನ್ನುವುದನ್ನು ಮಾತ್ರ ಹೇಳಲಿಲ್ಲ.

ಹಿಂದುಗಡೆ, ಕಟ್ಟೆಯಿಂದ ದೂರ ನೆಲದ ಮೇಲೆ ಕೂತಿದ್ದ ಕೇರಿಯ ಅಜ್ಜಿಯೊಬ್ಬಳು ಕಂಕುಳಲ್ಲಿದ್ದ ಸಿಂಬೆಯನ್ನು ಎತ್ತಿ ತೋರಿಸಿದಳು. "ಗುಡಿ ಮುಂದ ಹಾಕುದ್ರ ನಮ್ ಹೆಣ್ಣಾಳು ಬಿಂದಿಗನ ಎಲ್ಲಿ ಮಡಗೋದು ಬುದ್ಧಿ?" ಸಭೆ ಗಪ್ಪಾಯಿತು. ಅಲ್ಲಿಗೆ ಅವರು ಕಾಲಿಡುವಂತಿರಲಿಲ್ಲ. ಅದು ನನಗೆ ಗೊತ್ತಿಲ್ಲದ ಸಂಗತಿಯೂ ಅಲ್ಲ. ಮಧ್ಯಾಹ್ನದವರೆಗೆ ಕೂಗಾಟ ನಡೆದು, ಊರಿಗೂ ಕೇರಿಗೂ ನಡುವಿನ ಹುಣಸೆಮರದ ಬುಡಕ್ಕೆ ತೀರ್ಮಾನವಾಯಿತು. ನಾನೇ ಬರೆದೆ. ಆಕೆಯ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಒತ್ತಿಸುವಾಗ ಸಗಣಿ, ಹೊಗೆಸೊಪ್ಪು ಎರಡರ ವಾಸನೆಯೂ ಮೂಗಿಗೆ ಬಡಿಯಿತು. ಕೊನೆಯ ಸಾಲು: ಅರ್ಧ ಟೀ 20, ತಲಾ 40 ಪೈಸೆ, ಒಟ್ಟು 8 ರೂಪಾಯಿ. ಕೇರಿಯವರು ಆ ಇಪ್ಪತ್ತರ ಲೆಕ್ಕದಲ್ಲಿ ಇರಲಿಲ್ಲ.

ಮೀಸಲು ಸ್ಥಾನದಿಂದ ಗೆದ್ದಿದ್ದ ಹೆಣ್ಣುಮಗಳೂ ಅವತ್ತು ಬಂದಿದ್ದರು. ಕೇಳಿದ್ದಕ್ಕೆಲ್ಲ ಅವರ ಗಂಡ ಉತ್ತರ ಕೊಟ್ಟ.

ಹುಣಸೆಮರದ ಬೋರಿನಲ್ಲಿ ಈಗ ನೀರಿಲ್ಲ. ಹಿಡಿ ಕಳಚಿದೆ, ಉಳಿದ ಕಂಬಕ್ಕೆ ಯಾರೋ ಎಮ್ಮೆ ಕಟ್ಟುತ್ತಾರೆ. ಮನೆಮನೆಗೆ ನಲ್ಲಿ ಬಂದಿದೆ, ಸಿಂಬೆ ಎಂದರೆ ಮೊಮ್ಮಗಳಿಗೆ ಗೊತ್ತಿಲ್ಲ. ಸಭೆಯ ಸುದ್ದಿ ವಾಟ್ಸಾಪಿನಲ್ಲಿ ಬರುತ್ತದೆ. ಪಂಚಾಯ್ತಿಯ ಅರ್ಧ ಸ್ಥಾನ ಹೆಂಗಸರದು, ಮಾತೂ ಅವರದೇ ಜೋರು. ಮನೆ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಲು ಬಂದವರು ಸಹಿ ಹಾಕಿ, ಕಾಫಿ ಕುಡಿದು, ಫೋಟೋಗೆ ನಿಂತು ಹೊರಡುತ್ತಾರೆ. ನಾವೂ ಟೀ ಸಿಕ್ಕ ಮೇಲೆ ಬಹಳ ಹೊತ್ತು ಕೂರುತ್ತಿರಲಿಲ್ಲ ಬಿಡಿ.

ಮೊನ್ನೆ ಗ್ರಾಮಸಭೆಯಲ್ಲಿ ನಮ್ಮ ಬೀದಿಯ ಚರಂಡಿ ವಿಷಯ ಎತ್ತಿದೆ. ಗಾಂಧಿಯಿಂದಲೇ ಶುರುಮಾಡಿದ್ದೆ. ಸದಸ್ಯೆಯಾಗಿರುವ ಹುಡುಗಿ ಕೈ ಎತ್ತಿ ನಿಲ್ಲಿಸಿದಳು. "ತಾತ, ಇದನ್ನ ವಾರ್ಡ್ ಸಭೇಲೇ ಹೇಳಬೇಕಿತ್ತು. ಅವತ್ತು ಎಲ್ಲಿ ಹೋಗಿದ್ರಿ?"

ಮನೆಯಲ್ಲೇ ಮಲಗಿದ್ದೆ.