ಒಂದು ಬ್ರೇಕಿನ ವಿಚಾರಣೆ

ಸರ್ಕಾರಿ ಕಚೇರಿಯ ಟಿಪ್ಪಣಿಯಲ್ಲಿ ‘ನಾನು’ ಎಂಬ ಮಾತಿಗೆ ಜಾಗವಿಲ್ಲ. ಹದಿಮೂರು ವರ್ಷ ಗುಮಾಸ್ತಿಕೆ ಮಾಡಿದ ಮೇಲೆ ಮನೆಯಲ್ಲಿಯೂ ನಮ್ಮ ಬಾಯಿಂದ ಆ ಪದ ಹೊರಡುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ‘ನಾವು’ ಎಂದು ಬಂದಲ್ಲೆಲ್ಲ ಓದುಗರು ಯಾವ ರಾಜಮಹಾರಾಜರನ್ನೂ ನೆನೆಸಿಕೊಳ್ಳುವ ಕಾರಣವಿಲ್ಲ. ನಾರಾಯಣಗೂಡದ ಒಂದು ಬಾಡಿಗೆ ಮನೆಯ ಎರಡನೆಯ ಮಹಡಿಯಲ್ಲಿ, ತಾಯಿ, ಹೆಂಡತಿ, ಒಬ್ಬ ಸೋದರಳಿಯ, ಎರಡು ಸೈಕಲ್ಲು, ಇಷ್ಟರ ನಡುವೆ ಕಾಲ ತಳ್ಳುತ್ತಿರುವ ಬಿ.ಎ. ಪಾಸಾದ ಒಬ್ಬ ಗುಮಾಸ್ತನನ್ನು ನೆನೆಸಿಕೊಂಡರೆ ಸಾಕು.

ಎರಡು ಸೈಕಲ್ಲುಗಳಲ್ಲಿ ಮೊದಲನೆಯದು ನಮ್ಮ ತಂದೆಯವರದು. ತಾತ ರಾಯಚೂರಿನ ಕಡೆಯವರು. ನಿಜಾಮರ ಕಾಲದಲ್ಲಿ ನೌಕರಿಗೆಂದು ಹೈದರಾಬಾದಿಗೆ ಬಂದವರು. 1956ರ ನವೆಂಬರ್ 1ರಂದು ರಾಯಚೂರು, ಗುಲಬರ್ಗಾ, ಬೀದರ್ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಊರು ಅತ್ತ ಹೋಯಿತು, ತಾತ ಇತ್ತ ಉಳಿದರು. ತಂದೆ ಇಲ್ಲಿಯೇ ಹುಟ್ಟಿ, ಇಲ್ಲಿಯೇ ಓದಿ, ಇಲ್ಲಿಯೇ ನೌಕರಿ ಮಾಡಿದವರು. ನಾರಾಯಣಗೂಡದಿಂದ ಕೋಠಿಯ ಕಚೇರಿಗೆ, ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ, ಅವರು ಹೋದದ್ದೆಲ್ಲ ಆ ಕಪ್ಪು ಸೈಕಲ್ಲಿನ ಮೇಲೆಯೇ. ಅದಕ್ಕೆ ತಂತಿಯ ಬ್ರೇಕಿಲ್ಲ. ಕಬ್ಬಿಣದ ಸರಳುಗಳ ಬ್ರೇಕು. ವರ್ಷಕ್ಕೊಮ್ಮೆ, ಆಯುಧಪೂಜೆಯ ಬೆಳಿಗ್ಗೆ, ತಂದೆ ಅಂಗಳದಲ್ಲಿ ಕುಳಿತು ಅದನ್ನು ತೊಳೆದು, ಹೊಲಿಗೆಯಂತ್ರದ ಎಣ್ಣೆ ಅದ್ದಿದ ಹಳೆಯ ಬನಿಯನ್ ಬಟ್ಟೆಯಿಂದ ಗಾಲಿಯ ರಿಮ್ಮುಗಳನ್ನು ಎರಡೂ ಬದಿಗೆ ಒರೆಸುತ್ತಿದ್ದರು. ತುಕ್ಕು ಹಿಡಿಯಬಾರದೆಂದು. ಕನ್ನಡಿಯಂತೆ ಹೊಳೆದ ಮೇಲೆ ಕುಂಕುಮವಿಟ್ಟು, ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಿದ್ದರು. ಅವರು ಹೋದ ಮೇಲೆ ಆ ಕೆಲಸ ನಮಗೆ ಬಂದಿದೆ.

ಎರಡನೆಯ ಸೈಕಲ್ಲು ಸೋದರಳಿಯನದು. ರಾಯಚೂರಿನಲ್ಲಿರುವ ಅಕ್ಕನ ಮಗ, ಹದಿನೇಳು ವರ್ಷ, ಇಂಟರ್ ಓದಲು ನಮ್ಮ ಮನೆಯಲ್ಲಿದ್ದಾನೆ. ಯಾರೋ ಮಾರಿದ ಹಳೆಯ ದಪ್ಪ ಟಯರಿನ ಸೈಕಲ್ಲನ್ನು ಕೊಂಡು ತಂದು, ಮೊದಲು ಮಾಡಿದ ಕೆಲಸವೆಂದರೆ ಸೀಟನ್ನು ಕಿತ್ತು ಅಟ್ಟದ ಮೇಲೆ ಎಸೆದದ್ದು. ‘ಇದರ ಮೇಲೆ ಕೂಡೋದಿಲ್ಲ ಮಾಮಾ, ಜಿಗಿಯೋದು’ ಎಂದ.

ಈ ಜಿಗಿತಕ್ಕೆ ‘ಟ್ರಯಲ್ಸ್’ ಎಂದು ಹೆಸರಂತೆ. ಕಾಲು ನೆಲಕ್ಕೆ ತಾಗಿಸದೆ ಕಲ್ಲು, ಕಟ್ಟೆ, ಮರದ ದಿಮ್ಮಿಗಳ ಮೇಲೆ ಸೈಕಲ್ಲನ್ನು ಹತ್ತಿಸಿ ಇಳಿಸುವ ಆಟ. ಮೋಟಾರ್ ಸೈಕಲ್ಲಿನವರ ಇಂಥದೇ ಪಂದ್ಯದಿಂದ ಸ್ಪೇನ್ ದೇಶದ ಕ್ಯಾಟಲೋನಿಯಾದಲ್ಲಿ ಬೆಳೆದು ಬಂದದ್ದು. 1986ರಿಂದ ಇದಕ್ಕೆ ವಿಶ್ವ ಚಾಂಪಿಯನ್‌ಶಿಪ್ ಕೂಡ ಇದೆ. ಸ್ಕಾಟ್ಲೆಂಡಿನ ಡ್ಯಾನಿ ಮ್ಯಾಕಾಸ್ಕಿಲ್ ಎಂಬಾತ ಎಡಿನ್‌ಬರೊ ನಗರದ ಕಬ್ಬಿಣದ ಬೇಲಿಯ ಮೇಲೆ ಸೈಕಲ್ ಓಡಿಸುವ 2009ರ ಚಿತ್ರವನ್ನು ಹುಡುಗ ನಮಗೆ ಫೋನಿನಲ್ಲಿ ತೋರಿಸಿದ. ನಮ್ಮ ತಾಯಿ ಅದನ್ನು ಅರ್ಧ ನೋಡಿ, ‘ಅವನಿಗೆ ಅವ್ವ ಇಲ್ಲೇನು?’ ಎಂದು ಕೇಳಿ ಒಳಗೆ ಹೋದರು.

ಈ ಆಟದಲ್ಲಿ ಬ್ರೇಕಿನ ಕೆಲಸವೇ ಬೇರೆ. ನಮಗೆ ಬ್ರೇಕು ಬೇಕಾದದ್ದು ಮೆಲ್ಲಗೆ ನಿಲ್ಲುವುದಕ್ಕೆ. ಇವರಿಗೆ ಗಾಲಿ ಒಂದೇ ಕ್ಷಣದಲ್ಲಿ ಬಂಡೆಯಂತೆ ನಿಂತುಬಿಡಬೇಕು. ಹಿಂದಿನ ಗಾಲಿಯೊಂದರ ಮೇಲೆಯೇ ನಿಂತು ಜಿಗಿಯುವಾಗ ಆ ಗಾಲಿ ಎರಡು ಬೆರಳಷ್ಟು ಜಾರಿದರೂ ಸವಾರ ಬೆನ್ನ ಮೇಲೆ.

ಕಳೆದ ದಸರೆಯಲ್ಲಿ, ಬೀದಿಯಲ್ಲಿ ಬತುಕಮ್ಮ ಮುಗಿದ ಮರುದಿನ, ನಾವು ಯಥಾಪ್ರಕಾರ ತಂದೆಯವರ ಸೈಕಲ್ಲನ್ನು ಒರೆಸಿದೆವು. ಬಟ್ಟೆಯಲ್ಲಿ ಎಣ್ಣೆ ಇನ್ನೂ ಇತ್ತು. ಹುಡುಗನ ಸೈಕಲ್ಲು ಧೂಳು ಹಿಡಿದು ಪಕ್ಕದಲ್ಲೇ ನಿಂತಿತ್ತು. ಅವನು ಓದುತ್ತಿದ್ದ. ಪಾಪ, ಅದಕ್ಕೂ ಹಬ್ಬವಲ್ಲವೇ ಎಂದು ಅದರ ರಿಮ್ಮುಗಳನ್ನೂ ಎರಡೂ ಬದಿಗೆ ಚೆನ್ನಾಗಿ ಒರೆಸಿ, ಕುಂಕುಮವಿಟ್ಟು, ನಿಂಬೆಹಣ್ಣನ್ನೂ ಇಟ್ಟೆವು.

ನಾಲ್ಕು ದಿನ ಕಳೆದು ಹುಡುಗ ಬಿದ್ದ. ಮನೆಯ ಹಿಂದೆ ಸಿಮೆಂಟ್ ಇಟ್ಟಿಗೆಗಳನ್ನು ಮೊಣಕಾಲೆತ್ತರ ಜೋಡಿಸಿಕೊಂಡು ಹತ್ತುತ್ತಿದ್ದವನು ಹಿಂದಕ್ಕೆ ಜಾರಿ, ಪೆಡಲಿನ ಮೊಳೆ ಮೊಣಕಾಲಿನ ಕೆಳಗೆ ಕೊಯ್ದು ಮೂರು ಹೊಲಿಗೆ ಬಿದ್ದವು. ತಲೆಗೆ ಹೆಲ್ಮೆಟ್ ಇತ್ತು, ದೇವರು ದೊಡ್ಡವನು.

‘ಮಾಮಾ, ಬ್ರೇಕ್ ಹಿಡೀಲಿಲ್ಲ’ ಎಂದ.

‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂದೆವು ನಾವು.

ವಿಚಾರಣೆ ಅಲ್ಲಿಗೇ ಮುಗಿಯಿತು. ಕಾರಣ: ಸವಾರನ ಅಜಾಗರೂಕತೆ. ಕ್ರಮ: ಸೈಕಲ್ಲಿಗೆ ಸರಪಳಿ, ಬೀಗ, ಬೀಗದ ಕೈ ನಮ್ಮ ವಶದಲ್ಲಿ. ರಾಯಚೂರಿಗೆ ಫೋನ್ ಮಾಡಿ ಅಕ್ಕನಿಗೂ ವರದಿ ಒಪ್ಪಿಸಿದೆವು. ಅಕ್ಕ ಮಗನಿಗೆ ಅರ್ಧ ಗಂಟೆ ಬೈದಳು. ಹುಡುಗ ಎದುರು ಮಾತಾಡಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದ, ಕೇಳಿದರೆ ‘ಹೂಂ’ ಎನ್ನುತ್ತಿದ್ದ. ಎರಡು ವಾರ ಮನೆಯಲ್ಲಿ ಅಷ್ಟೇ ಮಾತು.

ಎರಡು ವಾರದ ಮೇಲೆ ಒಂದು ಬೆಳಿಗ್ಗೆ ತಂದೆಯವರ ಸೈಕಲ್ಲು ಪಂಕ್ಚರ್ ಆಗಿತ್ತು, ಮನೆಯಲ್ಲಿ ಹಾಲಿರಲಿಲ್ಲ. ವಶಪಡಿಸಿಕೊಂಡ ಸೊತ್ತನ್ನು ಅಧಿಕಾರಿಯೇ ಬಳಸುವುದು ಹೊಸದೇನಲ್ಲ. ಬೀಗ ತೆಗೆದು, ಸೀಟಿಲ್ಲದ ಸೈಕಲ್ಲಿನ ಮೇಲೆ ನಿಂತುಕೊಂಡೇ ಹೊರಟೆವು. ವೈ.ಎಂ.ಸಿ.ಎ. ಹತ್ತಿರ ಮುಂದಿನ ಆಟೋ ನಿಂತಿತು. ನಾವು ಎರಡೂ ಬ್ರೇಕನ್ನು ಹಿಡಿದೆವು. ಹಿಡಿ ಗಟ್ಟಿಯಾಗಿಯೇ ಇತ್ತು, ಬೆರಳು ನೋಯುವಷ್ಟು ಒತ್ತಿದೆವು, ಗಾಲಿ ಮಾತ್ರ ಏನೂ ಆಗಿಲ್ಲವೆಂಬಂತೆ ಉರುಳುತ್ತಲೇ ಇತ್ತು. ಚಪ್ಪಲಿ ಸವೆಯುವಂತೆ ಕಾಲು ನೆಲಕ್ಕೆ ಊರಿ, ಆಟೋದ ಹಿಂಭಾಗವನ್ನು ಎರಡೂ ಕೈಯಿಂದ ಅಪ್ಪಿಕೊಂಡು ನಿಂತೆವು. ಚಾಲಕ ಇಳಿದು ಬಂದು ನಮ್ಮ ವಂಶದ ಬಗ್ಗೆ ಹೇಳಿದ್ದನ್ನು ಕುಟುಂಬದವರೆಲ್ಲ ಓದುವ ಈ ಪತ್ರಿಕೆಯಲ್ಲಿ ಬರೆಯುವಂತಿಲ್ಲ.

ನಾವು ಯಾವ ಇಟ್ಟಿಗೆಯನ್ನೂ ಹತ್ತಿರಲಿಲ್ಲ. ಹಾಲು ತರಲು ಹೊರಟಿದ್ದೆವು. ಹಾಗಾದರೆ ನೆಲವೇ ಡೊಂಕೇ?

ಅಂದು ಸಂಜೆ ಹುಡುಗನನ್ನು ಕರೆದು, ‘ಬಾ, ಬ್ರೇಕು ನೋಡೋಣ’ ಎಂದೆವು. ಅವನು ಟಾರ್ಚ್ ತಂದ. ಕಡತವನ್ನು ಮತ್ತೆ ತೆರೆದೆವು.

ಮೊದಲು ಹಿಡಿ. ಒತ್ತಿದರೆ ಹ್ಯಾಂಡಲಿಗೇ ತಾಗುವಂತಿದ್ದರೆ ತಂತಿ ಸಡಿಲವಾಗಿದೆ, ಇಲ್ಲವೇ ರಬ್ಬರು ಸವೆದಿದೆ ಎಂದು ಅರ್ಥ. ಇದು ಅರ್ಧಕ್ಕೇ ಗಟ್ಟಿಯಾಗಿ ನಿಲ್ಲುತ್ತಿತ್ತು. ಎರಡನೆಯದು ತಂತಿ. ಕಳಚಿ ಕೊಳವೆಯಲ್ಲಿ ಎಳೆದು ನೋಡಿದರೆ ಸಲೀಸಾಗಿ ಓಡಿತು. ತುಕ್ಕಿಲ್ಲ, ಎಳೆ ಬಿಚ್ಚಿಲ್ಲ. ಮೂರನೆಯದು ಗಾಲಿ. ತಿರುಗಿಸಿ, ರಿಮ್ಮಿಗೂ ರಬ್ಬರಿಗೂ ನಡುವಿನ ಸಂದನ್ನು ನೋಡಿದೆವು, ಗಾಲಿ ಓಲಾಡುತ್ತಿರಲಿಲ್ಲ. ನಾಲ್ಕನೆಯದು ರಬ್ಬರು ಕೂತ ರೀತಿ. ಮೇಲೆ ಟಯರಿಗೆ ಉಜ್ಜಬಾರದು, ಕೆಳಗೆ ರಿಮ್ಮಿನಿಂದ ಇಳಿಯಬಾರದು, ಇಡೀ ಮುಖ ರಿಮ್ಮಿಗೆ ತಾಗಬೇಕು. ಬ್ರೇಕು ಕಿರುಚದಿರಲೆಂದು ರಬ್ಬರಿನ ಮುಂದಿನ ತುದಿ ಕೂದಲೆಳೆಯಷ್ಟು ಮೊದಲು ತಾಗುವಂತೆ ಇಡುವುದುಂಟು. ‘ನನಗ ಅದು ಬ್ಯಾಡ ಮಾಮಾ, ಕಿರುಚಿದ್ರೂ ಚಿಂತಿಲ್ಲ, ಹಿಡೀಬೇಕು’ ಎಂದು ಅವನು ಸಮತಟ್ಟಾಗಿಯೇ ಇಟ್ಟುಕೊಂಡಿದ್ದ. ಎಲ್ಲವೂ ನೆಟ್ಟಗಿತ್ತು. ನಮಗಿಂತ ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದ.

ಉಳಿದದ್ದು ರಬ್ಬರಿನ ಮುಖ. ಅದು ಗಾಜಿನಂತೆ ಮಿರುಗುತ್ತಿತ್ತು. ಮರಳು ಕಾಗದದಿಂದ ಉಜ್ಜಿ ಒರಟು ಮಾಡಿದೆವು. ಹತ್ತು ನಿಮಿಷ ಹಿಡಿಯಿತು, ಮತ್ತೆ ಜಾರಿತು. ಮರುದಿನ ಹೊಸ ರಬ್ಬರೇ ತಂದು ಹಾಕಿದೆವು. ಅರ್ಧ ದಿನ ಹಿಡಿಯಿತು, ಮತ್ತೆ ಅದೇ. ಬಂದ ಹೊಸ ಗುಮಾಸ್ತರೆಲ್ಲ ವಾರದಲ್ಲಿ ಕೆಟ್ಟುಹೋಗುವ ಕಚೇರಿಯಲ್ಲಿ ದೋಷ ಗುಮಾಸ್ತರದಲ್ಲ ಎಂದು ನಮಗೆ ಆಗಲೇ ಹೊಳೆಯಬೇಕಿತ್ತು.

ಭಾನುವಾರ ಇಬ್ಬರೂ ಸೈಕಲ್ಲನ್ನು ಕೋಠಿಯ ಕಡೆಯ ಒಂದು ಅಂಗಡಿಗೆ ತಳ್ಳಿಕೊಂಡು ಹೋದೆವು. ಬಿಳಿ ಗಡ್ಡದ ಮಿಸ್ತ್ರಿ ಹಿಡಿಯನ್ನು ಮುಟ್ಟಲಿಲ್ಲ, ತಂತಿಯನ್ನು ನೋಡಲಿಲ್ಲ. ಹೆಬ್ಬೆರಳನ್ನು ರಿಮ್ಮಿನ ಬದಿಯ ಮೇಲೆ ಎಳೆದು, ಎರಡು ಬೆರಳು ತಿಕ್ಕಿ ನೋಡಿ, ನಮ್ಮ ಮುಖ ನೋಡಿದ.

‘ಇಸ್ಕೊ ತೇಲ್ ಕೋನ್ ಲಗಾಯೆ ಸಾಬ್?’

ಎಣ್ಣೆ ಹಚ್ಚಿದ್ದು ಯಾರು? ಹುಡುಗ ನಮ್ಮ ಕಡೆ ತಿರುಗಿದ. ನಮಗೆ ನಿಂಬೆಹಣ್ಣು ನೆನಪಾಯಿತು.

ಮಿಸ್ತ್ರಿಗೆ ತಂದೆಯವರ ಸೈಕಲ್ಲಿನ ಕಥೆ ಹೇಳಿದೆವು. ನಲವತ್ತು ವರ್ಷ ಅವರು ಎಣ್ಣೆ ಒರೆಸಿದರೂ ಬ್ರೇಕು ಕೆಡಲಿಲ್ಲವಲ್ಲ ಎಂದೆವು. ಅವನು ನಕ್ಕು, ಅಂಗಡಿಯ ಮೂಲೆಯಲ್ಲಿದ್ದ ಹಳೆಯ ಸೈಕಲ್ಲೊಂದನ್ನು ತೋರಿಸಿದ. ಸರಳು ಬ್ರೇಕಿನ ಸೈಕಲ್ಲಿನಲ್ಲಿ ರಬ್ಬರು ರಿಮ್ಮಿನ ಬದಿಗೆ ತಾಗುವುದೇ ಇಲ್ಲ. ಹಿಡಿ ಒತ್ತಿದರೆ ಸರಳು ಮೇಲಕ್ಕೆ ಎಳೆದು, ರಬ್ಬರು ರಿಮ್ಮಿನ ಒಳಮುಖಕ್ಕೆ, ಕಡ್ಡಿಗಳು ಸೇರುವ ಮುಖಕ್ಕೆ, ಕೂಡುತ್ತದೆ. ತಂದೆ ಒರೆಸುತ್ತಿದ್ದುದು ಬದಿಗಳನ್ನು. ಬ್ರೇಕಿನ ದಾರಿಗೆ ಅವರ ಎಣ್ಣೆ ಬರುತ್ತಲೇ ಇರಲಿಲ್ಲ. ಅಂಗಡಿಯವರು ‘ಪವರ್ ಬ್ರೇಕು’ ಎನ್ನುವ ಹೊಸ ಬಗೆಯಲ್ಲಿ ಎರಡು ತೋಳುಗಳು ರಿಮ್ಮನ್ನು ಎರಡು ಬದಿಯಿಂದ ಅವುಚಿ ಹಿಡಿಯುತ್ತವೆ. ನಾವು ಎಣ್ಣೆ ಹಚ್ಚಿದ್ದು ಸರಿಯಾಗಿ ಅಲ್ಲಿಗೇ. ರಬ್ಬರು ಆ ಎಣ್ಣೆಯನ್ನು ಹೀರಿಕೊಂಡಿತು; ಉಜ್ಜಿ ತೆಗೆದರೆ ರಿಮ್ಮಿನಿಂದ ಮತ್ತೆ ಹತ್ತಿತು; ಹೊಸ ರಬ್ಬರಿಗೂ ಹತ್ತಿತು.

ಹಳೆಯ ಸೈಕಲ್ಲಿನಲ್ಲಿ ತಂದೆಯವರಿಗೆ ಗೊತ್ತಿದ್ದ ಶತ್ರು ಬೇರೆ: ಮಳೆ. ಮಿರುಗುವ ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕು ಇದ್ದೂ ಇಲ್ಲದಂತೆ. ಮಳೆಗಾಲದಲ್ಲಿ ಅವರು ತಿರುವು ಬರುವ ಮೊದಲೇ ಹಿಡಿಯನ್ನು ಹಗುರವಾಗಿ ಒತ್ತುತ್ತ, ರಬ್ಬರಿನಿಂದಲೇ ನೀರನ್ನು ಒರೆಸಿಕೊಳ್ಳುತ್ತ ಹೋಗುತ್ತಿದ್ದುದು ನಮಗೆ ಆಗ ನೆನಪಿಗೆ ಬಂತು. ಅವರಿಗೆ ತಮ್ಮ ಸೈಕಲ್ಲು ಗೊತ್ತಿತ್ತು. ನಮಗೆ ಗೊತ್ತಿದ್ದುದು ಅವರ ಬಟ್ಟೆಯೊಂದೇ.

ಮನೆಗೆ ಬಂದು ಚಿಕಿತ್ಸೆ ಶುರು ಮಾಡಿದೆವು. ವಿಷಯ ತಿಳಿದ ತಾಯಿ, ‘ತಲಿಗೆ ಎಣ್ಣಿ ಹಚ್ಚಿದ್ರ ಸೀಗಿಪುಡಿ ಹಾಕಿ ತೊಳೀತೀವಿ, ಗಾಲಿಗೆ ಹಚ್ಚಿದ್ದನ್ನ ಹಂಗೇ ಬಿಟ್ಟಿದ್ದೇನಪಾ?’ ಎಂದರು. ಸೀಗೆಪುಡಿಯ ಬದಲು ಪಾತ್ರೆಯ ಸಾಬೂನಿನಿಂದ ರಿಮ್ಮನ್ನು ಎರಡು ಸಲ ತೊಳೆದೆವು. ಒಣಗಿದ ಮೇಲೆ ಔಷಧದಂಗಡಿಯ ಸ್ಪಿರಿಟ್ಟಿನಲ್ಲಿ ಬಿಳಿ ಬಟ್ಟೆ ಅದ್ದಿ ಒರೆಸಿದೆವು. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೆ ಹೊಸ ಹೊಸ ತುಂಡು. ನುಣ್ಣನೆಯ ಮರಳು ಕಾಗದದಿಂದ ರಿಮ್ಮಿನ ಬದಿಯನ್ನು ಹಗುರವಾಗಿ ಉಜ್ಜಿ, ಮತ್ತೆ ಸ್ಪಿರಿಟ್. ಎಣ್ಣೆ ಕುಡಿದ ರಬ್ಬರುಗಳನ್ನು ಎಸೆದು ಮತ್ತೊಂದು ಜೊತೆ ಹಾಕಿದೆವು. ಹೊರದೇಶದ ಸವಾರರು ಗ್ರೈಂಡರ್ ಯಂತ್ರದಿಂದ ರಿಮ್ಮನ್ನು ತರಿತರಿಯಾಗಿ ಕೆರೆಯುತ್ತಾರೆ, ಕೆಲವರು ಡಾಂಬರು ಸವರುತ್ತಾರೆ ಎಂದು ಹುಡುಗ ಆಸೆಯಿಂದ ಹೇಳಿದ. ಕೆರೆದರೆ ಹಿಡಿತ ಹೆಚ್ಚುವುದು ನಿಜ. ರಬ್ಬರು ಬೇಗ ಸವೆಯುತ್ತದೆ, ರಿಮ್ಮಿನ ಗೋಡೆಯೂ ತೆಳುವಾಗುತ್ತದೆ. ಈ ಹಳೆಯ ರಿಮ್ಮಿಗೆ ಅದು ಬೇಡವೆಂದು ಇಬ್ಬರೂ ಒಪ್ಪಿದೆವು.

ಹುಡುಗ ಸೈಕಲ್ಲಿನ ಮೇಲೆ ನಿಂತು ಹಿಂದಿನ ಬ್ರೇಕು ಹಿಡಿದ. ನಾವು ಹಿಂದಿನಿಂದ ಶಕ್ತಿಮೀರಿ ತಳ್ಳಿದೆವು. ಟಯರು ನೆಲದ ಮೇಲೆ ಉಜ್ಜಿತೇ ಹೊರತು ಗಾಲಿ ತಿರುಗಲಿಲ್ಲ. ಅವನು ಎರಡು ವಾರದಲ್ಲಿ ಮೊದಲ ಸಲ ನಕ್ಕ.

ಇನ್ನೊಂದು ಕೆಲಸ ಉಳಿದಿತ್ತು. ಅಕ್ಕನಿಗೆ ಫೋನ್ ಮಾಡಿದೆವು. ಹಿಂದಿನ ವರದಿಯನ್ನು ರದ್ದುಪಡಿಸಲಾಗಿದೆ, ಬ್ರೇಕಿನ ರಬ್ಬರಿಗೆ ಎಣ್ಣೆಯ ಸಂಪರ್ಕ ಉಂಟಾಗಿ ಅಪಘಾತ ಸಂಭವಿಸಿರುವುದು ಕಂಡುಬಂದಿದೆ ಎಂದು ಸುತ್ತಿ ಬಳಸಿ ಹೇಳಿದೆವು. ಅಕ್ಕನಿಗೆ ಕಚೇರಿಯ ಭಾಷೆ ತಿಳಿಯುವುದಿಲ್ಲ.

‘ಅಂದ್ರ ತಪ್ಪು ಯಾರದಪಾ?’ ಎಂದಳು.

ಹುಡುಗ ಬಾಗಿಲಲ್ಲಿ ನಿಂತಿದ್ದ.

‘ನಂದೇ ಅಕ್ಕಾ’ ಎಂದೆವು.

ಬೀಗದ ಕೈ ಈಗ ಅವನ ಹತ್ತಿರವೇ ಇದೆ. ಪರೀಕ್ಷೆ ಮುಗಿಯುವವರೆಗೆ ದಿನಕ್ಕೆ ಒಂದು ಗಂಟೆ, ಇಟ್ಟಿಗೆ ಮೊಣಕಾಲೆತ್ತರಕ್ಕೆ ಮೀರಬಾರದು, ಹತ್ತುವ ಮೊದಲು ಬ್ರೇಕು ಪರೀಕ್ಷಿಸಬೇಕು ಎಂದು ಒಪ್ಪಂದವಾಗಿದೆ. ತಂದೆಯವರ ಎಣ್ಣೆಬಟ್ಟೆ ಅದೇ ಡಬ್ಬಿಯಲ್ಲಿದೆ. ಬರುವ ಆಯುಧಪೂಜೆಗೂ ಅದು ಹೊರಬರುತ್ತದೆ. ಹುಡುಗನ ಸೈಕಲ್ಲಿನಲ್ಲಿ ಅದಕ್ಕೆ ಚೈನಿನವರೆಗೆ ಮಾತ್ರ ಪ್ರವೇಶ. ಕುಂಕುಮ, ನಿಂಬೆಹಣ್ಣುಗಳಿಗೆ ಅವನ ಆಕ್ಷೇಪಣೆ ಇಲ್ಲ.