ಖರ್ಜದ ತಂತಿ

ತಂಬೂರಿಯ ನಾಲ್ಕನೆಯ ತಂತಿ ಹಿತ್ತಾಳೆಯದು, ಉಳಿದ ಮೂರಕ್ಕಿಂತ ದಪ್ಪ. ಅದರಲ್ಲಿ ಮಿಡಿಯುವುದು ಮಂದ್ರ ಷಡ್ಜ. ನಮ್ಮ ಕಡೆಯ ಹಾಡುಗಾರರು ಖರ್ಜ ಎನ್ನುತ್ತಾರೆ. ಈ ತಂತಿಯನ್ನು ಶ್ರುತಿಗೆ ಕೂಡಿಸುವಾಗ ಸಿಗುವ ಸುಖ ನನಗೆ ಕೆಲವು ದಿನ ಹಾಡುವಾಗಲೂ ಸಿಗುವುದಿಲ್ಲ. ಮೊದಲು ಬಿರಡೆ ತಿರುವಿ ಸ್ವರವನ್ನು ಹತ್ತಿರಕ್ಕೆ ತರಬೇಕು. ಆಮೇಲೆ ಕೆಳಗಿನ ಮಣಿಯನ್ನು ಬೆರಳಿನಿಂದ ಒತ್ತಿ ಇನ್ನಷ್ಟು ಹತ್ತಿರಕ್ಕೆ. ಕೊನೆಗೆ ಘೋಡಿಯ ಮೇಲೆ, ತಂತಿಯ ಅಡಿಯಲ್ಲಿ ಸಿಕ್ಕಿಸಿದ ನೂಲಿನ ಎಳೆಯನ್ನು ತುಸುವೇ ತುಸು ಸರಿಸಬೇಕು. ಆ ಎಳೆಗೆ ಜೀವಾಳಿ ಎಂದು ಹೆಸರು. ಎಳೆ ತನ್ನ ಜಾಗಕ್ಕೆ ಬಂದದ್ದೇ ತಡ, ಅಲ್ಲಿಯವರೆಗೆ ಮಂಕಾಗಿದ್ದ ತಂತಿ ಝೇಂಕರಿಸತೊಡಗುತ್ತದೆ. ಆ ಝೇಂಕಾರದೊಳಗೆ ಯಾರೂ ಮೀಟದ ಗಾಂಧಾರವೊಂದು ಕೇಳಿಸುತ್ತದೆ. ಬಲ್ಲವರು ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಅದು ಭ್ರಮೆಯಲ್ಲ, ಖರ್ಜದ ತಂತಿ ತನ್ನ ಮೂಲ ಕಂಪನದ ಜೊತೆಗೇ ಅದರ ಐದು ಪಟ್ಟಿನ ಕಂಪನವನ್ನೂ ಹೊಮ್ಮಿಸುತ್ತದೆ, ಅದೇ ಈ ಗಾಂಧಾರ. ನಮ್ಮ ವೀಣೆ, ತಂಬೂರಿಗಳ ಅಗಲವಾದ ಬಾಗಿದ ಘೋಡಿಯಿಂದಾಗಿ ಇಂಥ ಉಪಸ್ವರಗಳು ಎಷ್ಟು ತುಂಬಿಕೊಂಡು ಬರುತ್ತವೆ ಎಂಬುದನ್ನು ಸಿ.ವಿ. ರಾಮನ್ 1921ರಲ್ಲೇ ಬರೆದಿಟ್ಟಿದ್ದಾರೆ. ವಿಜ್ಞಾನ ತಿಳಿದ ಮೇಲೂ ನನ್ನ ಬೆರಗು ಕಡಿಮೆಯಾಗಿಲ್ಲ. ಮೂರು ತಂತಿ ಸರಿಯಿದ್ದು ಖರ್ಜವೊಂದು ಕೂದಲೆಳೆಯಷ್ಟು ತಪ್ಪಿದ್ದರೂ ಆ ಗಾಂಧಾರ ಬರುವುದಿಲ್ಲ.

ನಾನು ಇದನ್ನೆಲ್ಲ ಮಾಡುವುದು ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ. ಗುಲ್ಟೇಕಡಿಯ ಭುಸಾರ ಬಾಜಾರದಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ನಮ್ಮದೊಂದು ಮೆಣಸಿನಕಾಯಿಯ ಮಳಿಗೆ, ಇಲ್ಲಿಯ ಮಾತಿನಲ್ಲಿ ಗಾಳಾ. ಕೆಳಗೆ ಬ್ಯಾಡಗಿ ಚೀಲಗಳ ಥಪ್ಪಿ, ಮೇಲೆ ಮಾಳಿಗೆಯಲ್ಲಿ ಲೆಕ್ಕದ ಪುಸ್ತಕಗಳು, ಗೋಡೆಗೆ ಒರಗಿಸಿದ ತಂಬೂರಿ. ರಾತ್ರಿಯಿಡೀ ತರಕಾರಿ ಲಾರಿಗಳು ಬರುತ್ತವೆ, ನಸುಕಿಗೇ ಆ ಕಡೆ ಸವಾಲು ಶುರುವಾಗುತ್ತದೆ. ನಮ್ಮ ಭುಸಾರದ ಓಣಿ ಎಚ್ಚರಾಗುವುದು ತಡ. ಆ ನಡುವಿನ ಹೊತ್ತು ನನ್ನದು. ಮೆಣಸಿನಕಾಯಿಯ ನಡುವೆ ಹಾಡುವುದೇ ಎಂದು ಕೇಳಿದವರಿದ್ದಾರೆ. ಬ್ಯಾಡಗಿಯ ಬಣ್ಣ ದೊಡ್ಡದು, ಖಾರ ಅಷ್ಟಿಲ್ಲ. ಅದರ ಡಬ್ಬಿ, ಕಡ್ಡಿ ಎರಡೂ ಬಗೆ ಸೌಮ್ಯವೇ. ಗುಂಟೂರಿನ ಮಾಲು ಬಂದ ದಿನ ಮಾತ್ರ ಘಾಟಿಗೆ ಗಂಟಲು ಕಟ್ಟುತ್ತದೆ. ಅಂದು ಹಾಡುವುದಿಲ್ಲ, ತಂಬೂರಿಯನ್ನಷ್ಟೇ ನುಡಿಸುತ್ತೇನೆ.

ನನ್ನ ತವರು ಕುಂದಗೋಳ. ಆ ಊರಿನಲ್ಲಿ ಹುಟ್ಟಿದವರಿಗೆ ಸಂಗೀತ ಬೇಕೆಂದು ಹುಡುಕಿ ಹೋಗುವ ಪ್ರಸಂಗ ಬರುವುದಿಲ್ಲ. ಸವಾಯಿ ಗಂಧರ್ವರ ಊರು ಅದು. ಅವರ ಪುಣ್ಯತಿಥಿಗೆ ನಾಡಿಗೇರ ವಾಡೆಯಲ್ಲಿ ಅಹೋರಾತ್ರಿ ಹಾಡು ನಡೆಯುತ್ತಿತ್ತು, ನಾವು ಮಕ್ಕಳು ಚಾಪೆಯ ಮೇಲೆ ಕೇಳುತ್ತ ಕೇಳುತ್ತಲೇ ಮಲಗುತ್ತಿದ್ದೆವು. ಗದಗಿನ ಭೀಮಸೇನ ಜೋಶಿ ಆ ಗುರುವಿನ ಮನೆಗೆ ನೀರು ಹೊತ್ತು ಕಲಿತ ಕಥೆ, ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾಠಕ್ಕೆ ಬರುತ್ತಿದ್ದ ಕಥೆ, ಇವೆಲ್ಲ ನಮಗೆ ಮನೆಯ ಮಾತು. ನಾನೂ ಒಂದಿಷ್ಟು ಕಲಿತೆ. ಮದುವೆಯಾಗಿ ಪುಣೆಗೆ ಬರುವಾಗ ತಂಬೂರಿ ಜೊತೆಗೇ ಬಂತು, ಬಂದು ಅಟ್ಟ ಸೇರಿತು. ಸಂಸಾರದಲ್ಲಿ ಹಾಗಾಗುತ್ತದೆ.

ಅದು ಅಟ್ಟದಿಂದ ಇಳಿದದ್ದು ನಮ್ಮ ಮನೆಯವರು ತೀರಿಕೊಂಡ ಮೇಲೆ. ಹೃದಯಾಘಾತ, ಒಂದು ರಾತ್ರಿಯಲ್ಲಿ ಎಲ್ಲ ಮುಗಿಯಿತು. ದಿನಕರ್ಮ ಮುಗಿಸಿ ಗಾಳಾದ ಪುಸ್ತಕ ತೆರೆದಾಗ ನನಗೆ ಗೊತ್ತೇ ಇರದ ಸಾಲಗಳು ಒಂದರ ಹಿಂದೊಂದು ಹೊರಬಿದ್ದವು. ಯಾರ್ಡಿನ ವ್ಯಾಪಾರ ನಡೆಯುವುದೇ ಉಧಾರಿಯ ಮೇಲೆ, ಮಾತಿನ ಮೇಲೆ. ಆ ಮಾತು ಕೊಟ್ಟವರೇ ಇಲ್ಲವಾದಾಗ ಕೇಳುವವರೆಲ್ಲ ಉಳಿದವರ ಕಡೆ ನೋಡುತ್ತಾರೆ. ಮುಂದಿನದರಲ್ಲಿ ಹೆಚ್ಚು ಬರೆಯುವಂಥದ್ದೇನಿಲ್ಲ. ಗಾಳಾ ಮಾರಲಿಲ್ಲ, ನಾನೇ ಕೂತೆ.

ಆ ದಿನಗಳಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು: ಹಾಡು ಕೇಳು, ದುಃಖ ಮರೆಯುತ್ತದೆ. ನನ್ನ ಮಟ್ಟಿಗೆ ಇದು ಸುಳ್ಳು. ಸಂಗೀತ ಮರೆಸುವುದಿಲ್ಲ. ಮರೆಸುವುದಕ್ಕೆ ನಿದ್ದೆ ಇದೆ, ಕೆಲಸ ಇದೆ, ಟೀವಿ ಇದೆ. ಶ್ರುತಿ ಹಿಡಿದು ಕೂತರೆ ನಡೆಯುವುದು ತಿರುಗಾಮುರುಗಾ. ನನಗೆ ಅದನ್ನು ತೋರಿಸಿಕೊಟ್ಟವರು ನನ್ನ ಗುರುಗಳು, ಧಾರವಾಡದ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಹಿರಿಯ ಹೆಣ್ಣುಮಗಳು. ಶಿಷ್ಯರೆಲ್ಲ ಅವರನ್ನು ಬಾಯಿಯವರು ಎನ್ನುತ್ತೇವೆ. ಮತ್ತೆ ಕಲಿಯುತ್ತೇನೆ ಎಂದು ಹೋದಾಗ ಅವರು ರಾಗ ಕೊಡಲಿಲ್ಲ, ಬಂದಿಶ್ ಕೊಡಲಿಲ್ಲ. ಖರ್ಜದ ರಿಯಾಜ್ ಮಾಡು ಎಂದರು. ನಸುಕಿನಲ್ಲಿ ಎದ್ದು ಮಂದ್ರ ಷಡ್ಜಕ್ಕೆ ಇಳಿದು ಉಸಿರು ಇರುವಷ್ಟು ಹೊತ್ತು ನಿಲ್ಲುವುದು, ಉಸಿರು ತೆಗೆದುಕೊಂಡು ಮತ್ತೆ ಅಲ್ಲೇ ನಿಲ್ಲುವುದು. ಹೊರಗಿನವರಿಗೆ ಇದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಮಾಡಿದವರಿಗೆ ಗೊತ್ತು, ಎದೆಯ ಮೂಳೆಯಲ್ಲಿ ಸ್ವರ ನಡುಗುವುದು ಕೈಗೆ ತಾಗುತ್ತದೆ.

ಒಂದು ದಿನ ಅವರ ಮುಂದೆ ಕೂತು ಷಡ್ಜ ಹಚ್ಚಿದೆ. ಕಣ್ಣು ಮುಚ್ಚಿ ಕೇಳಿದರು, ಮತ್ತೊಮ್ಮೆ ಹಚ್ಚಲಿಕ್ಕೆ ಹೇಳಿದರು. ಆಮೇಲೆ ಅಂದರು: "ಅಳು ಇದ್ದರ ಸ್ವರ ಇಳೀತದ ತಂಗಿ. ನಿಂದು ಏರಲಿಕ್ಕತ್ತದ. ಯಾರ ಮ್ಯಾಲ ಸಿಟ್ಟದ ನಿನಗ?"

ನಾನು ಉತ್ತರ ಕೊಡಲಿಲ್ಲ. ಉತ್ತರ ಆ ಕ್ಷಣದಲ್ಲೇ ಗೊತ್ತಾಗಿತ್ತು. ಅಷ್ಟು ದಿನ ದುಃಖ ಎಂದು ಹೊತ್ತುಕೊಂಡು ತಿರುಗಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಸಿಟ್ಟಿತ್ತು: ಹೇಳದೆ ಸಾಲ ಮಾಡಿದ್ದಕ್ಕೆ, ಹೇಳದೆ ಹೋಗಿದ್ದಕ್ಕೆ, ಜಗಳಾಡಲಿಕ್ಕೂ ಎದುರಿಗೆ ಇಲ್ಲದ್ದಕ್ಕೆ. ವಿಧವೆಗೆ ಅಳಲು ಎಲ್ಲರೂ ಅವಕಾಶ ಕೊಡುತ್ತಾರೆ, ಸಿಟ್ಟಾಗಲು ಯಾರೂ ಕೊಡುವುದಿಲ್ಲ. ಬಂಧುಗಳ ಮುಂದೆ, ಮಕ್ಕಳ ಮುಂದೆ, ನನ್ನ ಮುಂದೆಯೇ ನಾನು ಅದನ್ನು ಮುಚ್ಚಿಟ್ಟಿದ್ದೆ. ತಂಬೂರಿಯ ಮುಂದೆ ಮುಚ್ಚಿಡಲು ಆಗಲಿಲ್ಲ. ಅದು ತನ್ನ ಜಾಗದಲ್ಲಿ ಇರುತ್ತದೆ. ನಾವು ಎಷ್ಟು ಏರಿದ್ದೇವೆ, ಎಷ್ಟು ಇಳಿದಿದ್ದೇವೆ ಎಂಬುದು ಪಕ್ಕದಲ್ಲೇ ಕೇಳಿಸುತ್ತದೆ. ಆಮೇಲೆ ದಿನಾ ಬೆಳಿಗ್ಗೆ ಮೊದಲ ಷಡ್ಜದಲ್ಲೇ ನನಗೆ ನನ್ನ ಅಂದಿನ ಹದ ತಿಳಿಯತೊಡಗಿತು. ಸಾಲದವರು ಬರುವ ದಿನ ಏರುತ್ತಿತ್ತು. ಮಗಳಿಗೆ ಜ್ವರ ಬಂದ ದಿನ ಇಳಿಯುತ್ತಿತ್ತು. ಸರಿಯಾಗಿ ಹತ್ತಿದ ದಿನ ಸಿಟ್ಟು ಹೋಗಿತ್ತು ಎಂದೇನಲ್ಲ. ಅದು ಇದೆ ಎಂದು ಗೊತ್ತಿದ್ದೂ ಹಾಡುತ್ತಿದ್ದೆ, ಅಷ್ಟೆ. ಸಮಾಧಾನ ಎಂದು ನಾನು ಕರೆಯುವುದು ಅದನ್ನೇ.

ಬಾಯಿಯವರು ನಂತರ ಯಮನ್ ಕೊಟ್ಟರು, ಅದೂ ಗುಂಜಿ ಗುಂಜಿ ಅಳೆದು. ಕಿರಾಣಾ ಘರಾಣೆಯ ಬಢತ್ ಹಾಗೆಯೇ: ಒಂದೊಂದೇ ಸ್ವರಕ್ಕೆ ಹೋಗಿ, ಅದರ ಸುತ್ತಲೆಲ್ಲ ನಡೆದಾಡಿ, ಮುಂದಿನ ಸ್ವರಕ್ಕೆ ಹೆಜ್ಜೆ ಇಡುವ ಮೊದಲು ಮತ್ತೆ ಹಿಂದಕ್ಕೆ ಬರುವುದು. ಜಿಪುಣ ದುಡ್ಡು ಬಿಚ್ಚುವಂತೆ ಸ್ವರ ಬಿಚ್ಚಬೇಕೆಂದು ಸವಾಯಿ ಗಂಧರ್ವರು ತಮಗೆ ಕಲಿಸಿದರೆಂದು ಗಂಗೂಬಾಯಿಯವರು ಹೇಳಿಕೊಳ್ಳುತ್ತಿದ್ದರು. ಹಗಲೆಲ್ಲ ರೂಪಾಯಿ ರೂಪಾಯಿಗೆ ಲೆಕ್ಕ ಬರೆದು ಸಾಲ ತೀರಿಸುತ್ತಿದ್ದ ನನಗೆ ಆ ಮಾತು ಕೂಡಲೇ ಹಿಡಿಸಿತು. ಕಷ್ಟದ ಹೊತ್ತಿನಲ್ಲಿ ಮನುಷ್ಯನಿಗೆ ಅವಸರ ಹೆಚ್ಚು, ಇದು ಬೇಗ ದಾಟಲಿ ಎಂಬ ತಹತಹ. ಗಾಂಧಾರಕ್ಕೆ ಹೋಗಬೇಡ, ಇನ್ನೂ ರಿಷಭದಲ್ಲಿರು ಎಂದು ಬಾಯಿಯವರು ತಡೆದಾಗಲೆಲ್ಲ ನನ್ನ ಈ ಗುಣ ನನಗೆ ಕಾಣಿಸುತ್ತಿತ್ತು.

ಗಂಗೂಬಾಯಿಯವರ ಕಂಠದ ಕಥೆಯನ್ನು ನಾನು ಆ ದಿನಗಳಲ್ಲಿ ಮತ್ತೆ ಮತ್ತೆ ನೆನೆದಿದ್ದೇನೆ. 1930ರ ದಶಕದ ಮೊದಮೊದಲ ರೆಕಾರ್ಡುಗಳಲ್ಲಿ, ಗಾಂಧಾರಿ ಎಂಬ ಹೆಸರಿನಲ್ಲಿ ಬಂದವುಗಳಲ್ಲಿ, ಅವರದು ತೆಳುವಾದ, ಎತ್ತರದ ದನಿ. ಗಂಟಲಿಗೆ ಚಿಕಿತ್ಸೆಯಾದ ಮೇಲೆ ದನಿ ಭಾರವಾಯಿತು, ಗಂಡುದನಿ ಎಂದು ಜನ ಆಡುವಷ್ಟು ಇಳಿಯಿತು. ಇನ್ನೊಬ್ಬರಾಗಿದ್ದರೆ ಹಳೆಯ ದನಿಗಾಗಿ ಹಂಬಲಿಸುತ್ತ ಆಯುಷ್ಯ ಕಳೆಯುತ್ತಿದ್ದರೋ ಏನೋ. ಅವರು ಬಂದ ದನಿಯಲ್ಲೇ ಮಂದ್ರವನ್ನು ಅಗೆದು ತೆಗೆದರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರದು ಇನ್ನೂ ಕಠಿಣ. ಬಾಲಪ್ರತಿಭೆಯೆಂದು ದೇಶವೆಲ್ಲ ಕೊಂಡಾಡಿದ ಹುಡುಗ, ಮದುವೆಯಾದ ಹೊಸದರಲ್ಲೇ ಕ್ಷಯಕ್ಕೆ ಸಿಕ್ಕು, ಹವೆಗಾಗಿ ಮಧ್ಯಪ್ರದೇಶದ ದೇವಾಸಕ್ಕೆ ಹೋಗಿ ಹಾಸಿಗೆ ಹಿಡಿದರು. ವರ್ಷಗಟ್ಟಲೆ ಹಾಡಬಾರದೆಂದು ವೈದ್ಯರ ಕಟ್ಟಪ್ಪಣೆ. ಒಂದು ಪುಪ್ಪುಸ ಹೋಗೇಬಿಟ್ಟಿತು. ಮಲಗಿದಲ್ಲೇ ಮಾಳವದ ಹೆಂಗಸರ ಹಾಡು, ಬೀದಿಯಲ್ಲಿ ಹೋಗುವ ನಿರ್ಗುಣಿಗಳ ಭಜನೆ ಕೇಳುತ್ತಿದ್ದರು. 1950ರ ದಶಕದಲ್ಲಿ ಮತ್ತೆ ವೇದಿಕೆಗೆ ಬಂದಾಗ ಉದ್ದ ಉಸಿರಿನ ತಾನುಗಳಿರಲಿಲ್ಲ. ಚಿಕ್ಕ ಚಿಕ್ಕ ತುಣುಕುಗಳು, ನಡುವೆ ಮೌನ, ಥಟ್ಟನೆ ಮೇಲಕ್ಕೆ ಹಾರುವ ದನಿ. ಕೇಳಿಸಿಕೊಂಡ ಲೋಕಗೀತಗಳಿಂದ ಹೊಸ ರಾಗಗಳನ್ನೇ ಕಟ್ಟಿದರು. ಬರೀ ಕೇಳುವುದೂ ಸಾಧನೆಯೇ ಎಂಬ ಧೈರ್ಯ ನನಗೆ ಬಂದದ್ದು ಅವರಿಂದ.

ನನ್ನ ಹಾಡಿಗೆ ಇಲ್ಲಿ ಕೇಳುಗರೂ ಇದ್ದಾರೆ. ನಮ್ಮ ಗಾಳಾದ ಹಮಾಲರಲ್ಲಿ ಅಕ್ಕಲಕೋಟೆ ತಾಲೂಕಿನವರು ಹಲವರು, ಮನೆಮಾತು ಕನ್ನಡ. ಬೆನ್ನ ಮೇಲೆ ಚೀಲ, ಕೈಯಲ್ಲಿ ಚೀಲ ಎಳೆಯುವ ಕೊಕ್ಕೆ, ಆಕಡಾ. ತೂಕ ಮಾಡುವಾಗ ಎಣಿಕೆಯನ್ನು ಒಂದು ಎನ್ನದೆ ಲಾಭ ಎಂದು ಶುರುಮಾಡಿ ರಾಗವಾಗಿ ಎಳೆಯುತ್ತಾರೆ. ಆ ಎಳೆತ ಎಷ್ಟೋ ಸಲ ನನ್ನ ಶ್ರುತಿಗೆ ಹೊಂದಿಕೊಂಡು ಬಿಡುತ್ತದೆ. ಒಂದು ಬೆಳಿಗ್ಗೆ ನಾನು ಹಾಡದೆ ಪುಸ್ತಕ ನೋಡುತ್ತ ಕೂತಿದ್ದೆ. ಅವರಲ್ಲೊಬ್ಬ ಹಿರಿಯ ಮೆಟ್ಟಿಲ ಬುಡಕ್ಕೆ ಬಂದು ಕೂಗಿದ: "ಯಾಕ್ರಿ ವೈನಿ, ಇವತ್ತ ಆ ಗುಂಯ್ ಅನ್ನೋದು ಹಚ್ಚಲಿಲ್ಲಲ್ಲ? ನಮಗ ಚೀಲ ಭಾರ ಅನಸ್ತಾವ." ಹೀಗೆ ಹೇಳುವವರಿರುವಾಗ ರಿಯಾಜ್ ತಪ್ಪಿಸುವುದು ಸುಲಭವಲ್ಲ. ಅವರ ಬದುಕಿನ ಭಾರ ನನ್ನದಕ್ಕಿಂತ ದೊಡ್ಡದು. ಬಾಬಾ ಆಢಾವರು ಹಮಾಲ ಪಂಚಾಯತ ಕಟ್ಟಿ, ಕಷ್ಟಾಚಿ ಭಾಕರ್ ಎಂಬ ಊಟದ ಮನೆ ತೆರೆದು ಈ ಊರಿನ ಹಮಾಲರಿಗೆ ಬೆನ್ನು ನೆಟ್ಟಗೆ ಮಾಡುವ ಅವಕಾಶ ಕೊಟ್ಟವರು. ಅವರ ಹೆಸರು ಎತ್ತಿದರೆ ಇವರ ಮುಖ ಅರಳುತ್ತದೆ.

ತಂಬೂರಿಗೆ ಪೆಟ್ಟಾದರೆ ನಾನು ಮಿರಜಕ್ಕೆ ಹೋಗುತ್ತೇನೆ. ಹುಬ್ಬಳ್ಳಿಗೆ ಹೋಗುವ ರೈಲಿನ ದಾರಿಯಲ್ಲೇ ಸಿಗುತ್ತದೆ, ತಲೆತಲಾಂತರದಿಂದ ತಂತಿವಾದ್ಯ ಮಾಡುವ ಮನೆಗಳಿರುವ ಊರು. ಸೋಲಾಪುರ ಸೀಮೆಯ ಕುಂಬಳದ ಬುರುಡೆಗಳು ಅಲ್ಲಿ ಸೂರಿನಿಂದ ತೂಗುತ್ತಿರುತ್ತವೆ. ಸವಾಯಿ ಗಂಧರ್ವರ ಗುರು ಖಾನ್‌ಸಾಹೇಬ್ ಅಬ್ದುಲ್ ಕರೀಂ ಖಾನರ ಗೋರಿಯೂ ಅಲ್ಲಿಯ ದರ್ಗಾದ ಆವರಣದಲ್ಲಿದೆ. 1937ರಲ್ಲಿ ಮದರಾಸು ಸೀಮೆಯಲ್ಲಿ ಪ್ರಯಾಣ ಮಾಡುತ್ತಿದ್ದಾಗ ಅವರಿಗೆ ಎದೆ ನೋವು ಕಾಣಿಸಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ಸ್ಟೇಷನ್ನಿನಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಮೇಲೆ ತಂಬೂರಿ ಕೂಡಿಸಲು ಹೇಳಿ, ದರಬಾರಿಯಲ್ಲಿ ಪ್ರಾರ್ಥನೆ ಹಾಡುತ್ತ ಕಣ್ಣು ಮುಚ್ಚಿದರೆಂದು ಹೇಳುತ್ತಾರೆ. ಆ ಹೊತ್ತಿನಲ್ಲೂ ಮೊದಲು ಶ್ರುತಿ ಸರಿಮಾಡಿಕೊಂಡರಲ್ಲ ಎಂಬುದು ನನಗೆ ಹಾಡಿಗಿಂತ ದೊಡ್ಡದಾಗಿ ಕಾಣುತ್ತದೆ.

ಭೀಮಸೇನರು ತಮ್ಮ ಗುರುವಿನ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಶುರುಮಾಡಿದ ಉತ್ಸವ ಈಚಿನ ವರ್ಷಗಳಲ್ಲಿ ಮುಕುಂದನಗರಕ್ಕೆ ಬಂದಿದೆ, ಯಾರ್ಡಿನಿಂದ ನಡೆದು ಹೋಗುವಷ್ಟು ಹತ್ತಿರ. ಡಿಸೆಂಬರಿನ ಚಳಿಗೆ ಶಾಲು ಹೊದ್ದು ಗಾಳಾದಿಂದ ನೇರ ಹೋಗಿ ಬೈಠಕಿನಲ್ಲಿ ಕೂರುತ್ತೇನೆ. ಸೀರೆಗೆ ಮೆಣಸಿನಕಾಯಿಯ ವಾಸನೆ ಇರುತ್ತದೆ, ಪಕ್ಕದವರು ಒಮ್ಮೊಮ್ಮೆ ಸೀನುತ್ತಾರೆ. ಕುಂದಗೋಳದ ಮೇಳ ನನ್ನ ಮನೆ ಬಾಗಿಲಿಗೇ ನಡೆದು ಬಂದಂತೆ ಆಗಿದೆ.

ಈ ವರ್ಷ ಬಾಯಿಯವರು ಮಾರವಾ ಕೊಟ್ಟಿದ್ದಾರೆ. ಪಂಚಮ ಇಲ್ಲ, ಷಡ್ಜಕ್ಕೆ ಸುಲಭವಾಗಿ ಬರುವಂತಿಲ್ಲ. ಕೋಮಲ ರಿಷಭ, ಧೈವತಗಳಲ್ಲಿ ಆಸರೆಯಿಲ್ಲದೆ ನಿಲ್ಲಬೇಕು. ಆ ಮೊದಲ ವರ್ಷವೇ ಕೇಳಿದ್ದೆ, "ಈಗ ಬ್ಯಾಡ" ಎಂದಿದ್ದರು. ಪಂಚಮದ ತಂತಿಯನ್ನು ನಿಷಾದಕ್ಕೆ ಏರಿಸಹೋದಾಗ ಹಳೆಯ ತಂತಿ ತಡೆಯಲಿಲ್ಲ. ಇನ್ನಷ್ಟು ತೆಳ್ಳನೆಯದಕ್ಕೆ ಮಿರಜಕ್ಕೆ ಹೇಳಿ ಕಳಿಸಿದ್ದೇನೆ. ಅದು ಬರುವವರೆಗೆ ಮೂರೇ ತಂತಿಯ ಮೇಲೆ ಸಾಧನೆ ನಡೆದಿದೆ, ನನ್ನ ರಿಷಭ ಇನ್ನೂ ಷಡ್ಜದ ಕಡೆ ಜಾರುತ್ತಿದೆ, ದೀಪಾವಳಿಯ ಖರೀದಿ ಮುಗಿಯುವ ಹೊತ್ತಿಗಾದರೂ ಅದನ್ನು ಅದರ ಜಾಗದಲ್ಲಿ ನಿಲ್ಲಿಸಬೇಕು.